ಪ್ರೇಮಗೀತೆ ಹಾಡುವ ಸೈನಿಕ

ಅಮ್ಮಾ, ನಮಸ್ಕಾರ.

ಗಡಿಯಲ್ಲಿರುವ ನಿಮ್ಮ ಮಗ ಡ್ಯೂಟಿ ಮುಗಿದ ಮೇಲೆ ಗೆಳೆಯರ ಜೊತೆ ಹಳೇ ಸಿನಿಮಾದ ಪ್ರೇಮಗೀತೆ ಹಾಡಿಕೊಂಡು ಕೂರುತ್ತಾನೆ ಎಂದು ಬರೆದಿದ್ದೀರಿ. ಅದರಿಂದ ಮನಸ್ಸು ಮೆತ್ತಗಾಗುವುದಿಲ್ಲವೇ, ವೀರಗೀತೆ ಹಾಡಬಾರದೇ ಎಂದು ಕೇಳಿದ್ದೀರಿ.

ದಯವಿಟ್ಟು ಆ ಚಿಂತೆ ಬಿಡಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ತುಂಬಾ ಹಚ್ಚಿಕೊಂಡಿದ್ದೂ ಇಂಥದೇ ಒಂದು ಹಾಡನ್ನು: ‘ಲಿಲಿ ಮಾರ್ಲೀನ್’. ಅದನ್ನು 1915ರಲ್ಲಿ ಬರೆದ ಹಾನ್ಸ್ ಲೈಪ್ ಸ್ವತಃ ಜರ್ಮನ್ ಸೈನಿಕ. ಬ್ಯಾರಕ್ಕಿನ ಗೇಟು, ಅಲ್ಲೊಂದು ದೀಪ, ಅದರ ಕೆಳಗೆ ಭೇಟಿಯಾಗುತ್ತಿದ್ದ ಹುಡುಗಿಯ ನೆನಪು. ಹಾಡಿನಲ್ಲಿ ಇರುವುದು ಇಷ್ಟೇ. 1939ರಲ್ಲಿ ಲಾಲೆ ಆಂಡರ್ಸನ್ ಹಾಡಿದ ರೆಕಾರ್ಡನ್ನು ಆಗ ಕೊಂಡವರು ಕಡಿಮೆ. 1941ರಲ್ಲಿ ಜರ್ಮನ್ ಸೇನೆ ಯುಗೊಸ್ಲಾವಿಯದ ರಾಜಧಾನಿ ಬೆಲ್‌ಗ್ರೇಡ್ ಹಿಡಿದು, ಅಲ್ಲಿನ ರೇಡಿಯೊದಲ್ಲಿ ತನ್ನ ಸೈನಿಕರಿಗಾಗಿ ಇದನ್ನು ಹಾಕತೊಡಗಿತು. ನಡುವೆ ನಿಲ್ಲಿಸಿದಾಗ ಮತ್ತೆ ಹಾಕಿ ಎಂದು ರಾಶಿ ರಾಶಿ ಪತ್ರ ಬಂದವು! ಆಮೇಲೆ ದಿನಾ ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಅದೇ ಹಾಡು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಎದುರು ಪಾಳೆಯದ ಬ್ರಿಟಿಷ್ 8ನೇ ಸೇನೆಯವರೂ ಅದೇ ಸ್ಟೇಷನ್ ಹಿಡಿದು ಕೇಳುತ್ತಿದ್ದರು. ಶತ್ರುವಿನ ಭಾಷೆಯ ಹಾಡು, ಆದರೂ ಗುನುಗುತ್ತಿದ್ದರು.

ಜರ್ಮನಿಯ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಮಾತ್ರ ಇದು ಹಿಡಿಸಲಿಲ್ಲ. ಆಂಡರ್ಸನ್ ಅವರ ಕಾರ್ಯಕ್ರಮಗಳನ್ನೂ ಕೆಲಕಾಲ ನಿಲ್ಲಿಸಿದರು. ಸೈನಿಕರ ಬಾಯಿಂದ ಹಾಡನ್ನು ಕಿತ್ತುಕೊಳ್ಳಲು ಆಗಲಿಲ್ಲ.

ಆ ಹಾಡು ಕೇಳಿದವರು ಮಾರನೇ ದಿನ ಬಂದೂಕು ಕೆಳಗಿಡಲಿಲ್ಲ, ಅಲ್ವಾ? ಸೈನಿಕನಿಗೆ ಧೈರ್ಯ ಬರುವುದು ತರಬೇತಿಯಿಂದ, ಪಕ್ಕದಲ್ಲಿರುವ ಜೊತೆಗಾರನಿಂದ. ಹಾಡಿನ ಹತ್ತಿರ ಅವನು ಹೋಗುವುದು ಬೇರೆ ಕಾರಣಕ್ಕೆ. ಇಡೀ ದಿನ ಹುಕುಂ, ಕಾವಲು, ಎಚ್ಚರ. ಅದರ ನಡುವೆ ಸ್ವಲ್ಪ ಹೊತ್ತು ಯಾರದೋ ಮಗನಾಗಿ, ಗಂಡನಾಗಿ ಇರಲು ಅವನಿಗೂ ಜಾಗ ಬೇಕು. ವೀರಗೀತೆಯಲ್ಲಿ ಆ ಜಾಗ ಸಿಗುವುದಿಲ್ಲ. ವೀರಗೀತೆ ಜಾಸ್ತಿ ಬೇಕಾಗುವುದು ಮನೆಯಲ್ಲಿ ಕೂತ ನಮಗೇ ಎಂದು ನನಗೆ ಅನಿಸುತ್ತದೆ.

ನಮ್ಮ ಜವಾನರೂ ಹಾಗೇ. ಫೌಜಿಗಳಿಗಾಗಿಯೇ ವಿವಿಧ ಭಾರತಿ ನಡೆಸಿಕೊಂಡು ಬಂದಿರುವ ‘ಜಯಮಾಲಾ’ ಕೇಳಿ ನೋಡಿ. ಅವರ ಮೆಚ್ಚಿನ ಸಿನಿಮಾ ಹಾಡುಗಳೇ ಅಲ್ಲಿ ಬರುವುದು.

ಮುಂದಿನ ಸಲ ಫೋನ್ ಮಾಡಿದಾಗ ಯಾವ ಹಾಡು ಹಾಡುತ್ತೀಯ ಮಗಾ ಎಂದು ಕೇಳಿ. ನಿಮಗೂ ಬರುವ ಹಾಡಾದರೆ ಒಂದು ಸಾಲು ಹಾಡಿಬಿಡಿ.

– ಸಂಪಾದಕ