ಓದುಗರ ಪ್ರಶ್ನೆ: ಮಲೇಷ್ಯಾ, ಪಿಮಾ ಮತ್ತು ಹೋಲಿಕೆಯ ತಕ್ಕಡಿ

ಪ್ರಶ್ನೆ: ಎಂ.ಎ. ಕಿರು ಪ್ರಬಂಧಕ್ಕೆ ‘ಮಲೇಷ್ಯಾ ಮತ್ತು ಪಿಮಾ ಸಮುದಾಯಗಳ ಆರ್ಥಿಕ, ಸಾಮಾಜಿಕ ಸ್ಥಿತಿಯ ಹೋಲಿಕೆ’ ಎಂಬ ವಿಷಯ ಕೊಟ್ಟಿದ್ದಾರೆ. ಪಿಮಾ ಎಂದು ಹುಡುಕಿದರೆ ಒಂದು ಕಡೆ ಹತ್ತು ಲಕ್ಷ ಜನಸಂಖ್ಯೆ, ಇನ್ನೊಂದು ಕಡೆ ಕೆಲವೇ ಸಾವಿರ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಜ್ಞಾನಭಾರತಿ

ಉತ್ತರ: ಆ ಹತ್ತು ಲಕ್ಷ ಪಿಮಾ ಕೌಂಟಿಯದು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಟೂಸಾನ್ ನಗರ ಇರುವ ಜಿಲ್ಲೆ ಅದು. ಹೆಸರು ಬಂದದ್ದು ಪಿಮಾ ಎಂಬ ಮೂಲನಿವಾಸಿ ಬುಡಕಟ್ಟಿನಿಂದಲೇ, ಆದರೆ ಆ ಜನರ ದೊಡ್ಡ ಮೀಸಲು ಪ್ರದೇಶ ಹೀಲಾ ರಿವರ್ ಇರುವುದು ಪಿನಾಲ್ ಮತ್ತು ಮಾರಿಕೋಪಾ ಕೌಂಟಿಗಳಲ್ಲಿ. ಜಿಲ್ಲೆಯ ಅಂಕಿಯನ್ನು ಬುಡಕಟ್ಟಿನ ಅಂಕಿ ಎಂದು ಬರೆದುಬಿಡುವುದು ಈ ವಿಷಯದಲ್ಲಿ ಎಲ್ಲರೂ ಎಡವುವ ಮೊದಲ ಕಲ್ಲು.

ಪಿಮಾ ಎಂಬುದು ಹೊರಗಿನವರು ಕರೆದ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ಅಕಿಮೆಲ್ ಓಓಧಮ್, ಅಂದರೆ ನದಿಯ ಜನ. ಮುಖ್ಯ ನೆಲೆಗಳು ಎರಡು, ಎರಡೂ ಫೀನಿಕ್ಸ್ ನಗರಕ್ಕೆ ಅಂಟಿಕೊಂಡಂತೆ ಇವೆ: 1859ರಲ್ಲಿ ಗುರುತಾದ ಹೀಲಾ ರಿವರ್, ಸುಮಾರು 3.72 ಲಕ್ಷ ಎಕರೆ, ಆಡಳಿತ ಕೇಂದ್ರ ಸಕಟೋನ್. ಮತ್ತು 1879ರ ಸಾಲ್ಟ್ ರಿವರ್. ಎರಡರಲ್ಲೂ ಮಾರಿಕೋಪಾ ಎಂಬ ಬೇರೆ ಬುಡಕಟ್ಟಿನವರೂ ಇದ್ದಾರೆ, ಹಾಗಾಗಿ ಮೀಸಲು ಪ್ರದೇಶದ ಜನಗಣತಿ ಎಂದರೆ ಪಿಮಾ ಜನರದ್ದು ಮಾತ್ರ ಅಲ್ಲ. ಇವರಲ್ಲದೆ ಮೆಕ್ಸಿಕೋದ ಸೊನೊರಾ ಬೆಟ್ಟಗಳಲ್ಲಿ, ಮೈಕೋಬಾ ಸುತ್ತಮುತ್ತ, ಗಡಿಯಾಚೆಯ ಪಿಮಾ ಜನ ಇದ್ದಾರೆ.

ಇನ್ನು ಮಲೇಷ್ಯಾ. ಸುಮಾರು 3.4 ಕೋಟಿ ಜನರ ದೇಶವನ್ನು ಇಷ್ಟು ಚಿಕ್ಕ ಸಮುದಾಯದ ಪಕ್ಕದಲ್ಲಿಟ್ಟು ತೂಗುವುದು ಇಡೀ ಕರ್ನಾಟಕವನ್ನು ಒಂದು ಹೋಬಳಿಯ ಜೊತೆ ತೂಗಿದಂತೆ. ಪಿಮಾ ಜನರಿಗೆ ಸರಿಜೋಡಿ ಮಲೇಷ್ಯಾ ಅಲ್ಲ, ಮಲಯರೂ ಅಲ್ಲ. ಅಲ್ಲಿನ ಮೂಲನಿವಾಸಿಗಳಾದ ಓರಾಂಗ್ ಅಸ್ಲಿ. ಪರ್ಯಾಯ ದ್ವೀಪದ ಕಾಡಂಚಿನಲ್ಲಿರುವ, ಸರ್ಕಾರ 18 ಗುಂಪುಗಳಾಗಿ ಪಟ್ಟಿ ಮಾಡಿರುವ ಇವರು 2020ರ ಜನಗಣತಿಯಲ್ಲಿ ಸುಮಾರು 2.06 ಲಕ್ಷ. ಶೀರ್ಷಿಕೆ ಬದಲಿಸಲು ಮಾರ್ಗದರ್ಶಕರು ಒಪ್ಪದಿದ್ದರೆ ಕೋಷ್ಟಕದಲ್ಲಿ ಈ ಕಡೆ ಮೂರು ಸಾಲು ಇಡಿ: ಮಲೇಷ್ಯಾ, ಭೂಮಿಪುತ್ರರು (ಮಲಯರು ಮತ್ತು ಅಲ್ಲಿನ ಇತರ ಮೂಲನಿವಾಸಿಗಳು), ಓರಾಂಗ್ ಅಸ್ಲಿ. ಆ ಕಡೆ ಅಮೆರಿಕ, ಅರಿಜೋನಾ, ಹೀಲಾ ರಿವರ್. ಆಮೇಲೆ ಮಲೇಷ್ಯಾದ ನಾಣ್ಯ ರಿಂಗಿಟ್ಟನ್ನು ಡಾಲರಿಗೆ ತಿರುಗಿಸಲು ಹೋಗಬೇಡಿ. ಪ್ರತಿ ಸಮುದಾಯದ ಮಧ್ಯಮಾಂಕ ಆದಾಯವನ್ನು (ಎಲ್ಲರನ್ನೂ ಆದಾಯದ ಕ್ರಮದಲ್ಲಿ ಸಾಲು ನಿಲ್ಲಿಸಿದರೆ ಸರಿ ನಡುವಿನವರದ್ದು) ಅದರದೇ ದೇಶದ ಮಧ್ಯಮಾಂಕದಿಂದ ಭಾಗಿಸಿ. ಮಲೇಷ್ಯಾದ ಕುಟುಂಬದ ತಿಂಗಳ ಮಧ್ಯಮಾಂಕ 2022ರಲ್ಲಿ 6,338 ರಿಂಗಿಟ್, ಛೇದದಲ್ಲಿ ಇದನ್ನಿಡಿ. ಬರುವ ಅನುಪಾತ ‘ತನ್ನ ಊರಿನವರಿಗಿಂತ ಎಷ್ಟು ಹಿಂದೆ’ ಎಂಬುದನ್ನು ಹೇಳುತ್ತದೆ. ವಿನಿಮಯ ದರದ ಲೆಕ್ಕಕ್ಕೆ ಅದು ಆಗದು.

ಪ್ರಶ್ನೆ: ಮಲೇಷ್ಯಾದಲ್ಲಿ ಬಡತನ ಶೇ 0.4 ಎಂದು ಹಿಂದೆ ಓದಿದ್ದೆ. 2022ಕ್ಕೆ ಶೇ 6ರ ಮೇಲೆ ಎನ್ನುತ್ತಾರೆ. ದೇಶ ಅಷ್ಟು ಬೇಗ ಬಡವಾಯಿತೇ?
– ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಉತ್ತರ: ದೇಶ ಕೆಳಗಿಳಿಯಲಿಲ್ಲ, ಗೆರೆ ಮೇಲೆ ಹೋಯಿತು. 2016ರ ಶೇ 0.4 ಬಂದದ್ದು ಕುಟುಂಬಕ್ಕೆ ತಿಂಗಳಿಗೆ 980 ರಿಂಗಿಟ್ ಎಂಬ ಬಡತನ ರೇಖೆಯಿಂದ. 2019ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್ಸ್ಟನ್ ಇದು ನಂಬುವಂಥ ಅಂಕಿಯೇ ಅಲ್ಲ ಎಂದರು. ಸರ್ಕಾರ ಮೊದಲು ಸಿಟ್ಟಾಯಿತು, ಮರುವರ್ಷ ರೇಖೆಯನ್ನು 2,208 ರಿಂಗಿಟ್‌ಗೆ ಏರಿಸಿತು. ಹೊಸ ಅಳತೆಯಲ್ಲಿ 2019ರ ಬಡತನ ಶೇ 5.6. ಅದೇ ಅಳತೆಯಲ್ಲಿ 2016ನ್ನು ಮತ್ತೆ ಲೆಕ್ಕ ಹಾಕಿದಾಗ ಶೇ 7.6 ಬಂತು. ಅಂದರೆ ಆ ಮೂರು ವರ್ಷಗಳಲ್ಲಿ ಬಡತನ ನಿಜಕ್ಕೂ ಇಳಿದಿತ್ತು. 2020ರ ಕೊರೊನಾ ವರ್ಷದಲ್ಲಿ ಶೇ 8.4ಕ್ಕೆ ಏರಿ, 2022ರಲ್ಲಿ 2,589 ರಿಂಗಿಟ್ ರೇಖೆಯ ಮೇಲೆ ಶೇ 6.2ಕ್ಕೆ ಬಂತು. 0.4ನ್ನೂ 6.2ನ್ನೂ ಒಂದೇ ನಕ್ಷೆಯಲ್ಲಿ ಗೆರೆ ಎಳೆದು ಜೋಡಿಸಿದವರ ಪ್ರಬಂಧವನ್ನು ಅಲ್ಲಿಗೇ ಮುಚ್ಚಿಡಬಹುದು.

ಅಮೆರಿಕದ ರೇಖೆಯ ಮೂಲ ಇನ್ನೂ ವಿಚಿತ್ರ. 1960ರ ದಶಕದ ಆರಂಭದಲ್ಲಿ ಕನಿಷ್ಠ ಊಟದ ಖರ್ಚನ್ನು ಮೂರರಿಂದ ಗುಣಿಸಿ ಮಾಡಿದ್ದು, ಅದನ್ನೇ ಬೆಲೆ ಸೂಚ್ಯಂಕದ ಜೊತೆ ಏರಿಸುತ್ತಾ ಬಂದಿದ್ದಾರೆ. ತೆರಿಗೆಗೆ ಮುಂಚಿನ ನಗದು ಆದಾಯ ಮಾತ್ರ ಅದರ ಲೆಕ್ಕಕ್ಕೆ. ಸರ್ಕಾರ ಕೊಡುವ ಆಹಾರ ನೆರವು ಸೇರುವುದಿಲ್ಲ. ಮಲೇಷ್ಯಾದ ಸಮೀಕ್ಷೆಯಲ್ಲಾದರೆ ಸ್ವಂತ ಮನೆಯಲ್ಲಿರುವವರಿಗೆ ಆ ಮನೆಯ ಅಂದಾಜು ಬಾಡಿಗೆಯನ್ನೂ ಆದಾಯಕ್ಕೆ ಕೂಡುತ್ತಾರೆ. ಹೀಗಾಗಿ ಸ್ವಂತ ಸೂರು, ರೇಷನ್ನಿನ ಊಟ ಇರುವ ಒಂದೇ ಬಗೆಯ ಬಡ ಕುಟುಂಬ ಕ್ವಾಲಾಲಂಪುರದ ಲೆಕ್ಕದಲ್ಲಿ ಸ್ವಲ್ಪ ಮೇಲೆ, ಅರಿಜೋನಾದ ಲೆಕ್ಕದಲ್ಲಿ ಕೆಳಗೆ ಕಾಣುತ್ತದೆ.

ಹೀಲಾ ರಿವರ್‌ನಂಥ ಚಿಕ್ಕ ಜಾಗಕ್ಕೆ ಅಮೆರಿಕದ ಸಮೀಕ್ಷೆ ಒಂದು ವರ್ಷದ ಅಂಕಿ ಕೊಡುವುದೇ ಇಲ್ಲ, ಐದು ವರ್ಷಗಳನ್ನು ಒಟ್ಟುಗೂಡಿಸಿ ಕೊಡುತ್ತದೆ. ಪಕ್ಕದಲ್ಲಿ ‘ದೋಷದ ಅಂಚು’, ಅಂದರೆ ಅಂಕಿ ಎಷ್ಟು ಆಚೀಚೆ ಇರಬಹುದು ಎಂಬ ಕಲಂ ಇರುತ್ತದೆ. ಅದನ್ನು ಬಿಟ್ಟು ನಕಲು ಮಾಡಬೇಡಿ. ಎರಡು ಅವಧಿಗಳ ವ್ಯತ್ಯಾಸ ಆ ಅಂಚಿನೊಳಗೇ ಇದ್ದರೆ ಏರಿತು, ಇಳಿಯಿತು ಎನ್ನುವ ಹಾಗಿಲ್ಲ. 2020ರ ಗಣತಿಯಲ್ಲಿ ಮೀಸಲು ಪ್ರದೇಶಗಳ ಮೂಲನಿವಾಸಿಗಳಲ್ಲಿ ಶೇ 5.64ರಷ್ಟು ಜನ ಲೆಕ್ಕದಿಂದ ಬಿಟ್ಟುಹೋದರೆಂದು ಗಣತಿ ಇಲಾಖೆಯೇ ಒಪ್ಪಿಕೊಂಡಿದೆ.

ಪ್ರಶ್ನೆ: ಪಿಮಾ ಜನರಿಗೆ ಕ್ಯಾಸಿನೊ ಇದೆ, ನದಿ ನೀರಿನ ಹಕ್ಕೂ ಸಿಕ್ಕಿದೆ. ಮತ್ತೆ ಬಡತನ ಯಾಕೆ?
– ಓದುಗರು, ಯಲಹಂಕ

ಉತ್ತರ: ಕಾವೇರಿ ತೀರ್ಪುಗಳನ್ನು ಓದಿಕೊಂಡೇ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಪಿಮಾ ಜನರ ಪೂರ್ವಿಕರಾದ ಹುಹುಗಮ್ ಜನ ಮರುಭೂಮಿಯಲ್ಲಿ ನೂರಾರು ಮೈಲಿ ಕಾಲುವೆ ತೋಡಿದ್ದರು. 19ನೇ ಶತಮಾನದ ಮಧ್ಯದಲ್ಲಿ ಪಿಮಾ ರೈತರು ಸೈನ್ಯಕ್ಕೂ ಕ್ಯಾಲಿಫೋರ್ನಿಯಾಕ್ಕೆ ಹೋಗುವ ದಾರಿಹೋಕರಿಗೂ ಗೋಧಿ ಮಾರುತ್ತಿದ್ದರು. 1870ರ ನಂತರ ಮೇಲ್ದಂಡೆಯಲ್ಲಿ ವಲಸಿಗರು ಹೀಲಾ ನದಿಯನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಶತಮಾನದ ಕೊನೆಗೆ ಕೆಳಗಿನವರ ಕಾಲುವೆ ಒಣಗಿ, ಗೋಧಿ ಮಾರುತ್ತಿದ್ದವರೇ ಹಸಿವಿನಲ್ಲಿದ್ದರು. 1930ರಲ್ಲಿ ಕೂಲಿಜ್ ಅಣೆಕಟ್ಟು ಉದ್ಘಾಟನೆಯಾಯಿತು. ಅದರ ನೀರಿನಲ್ಲೂ ಮೀಸಲು ಪ್ರದೇಶದ ಹೊರಗಿನ ರೈತರಿಗೆ ಪಾಲು ಹೋಯಿತು.

2004ರ ಅರಿಜೋನಾ ನೀರು ಇತ್ಯರ್ಥ ಕಾಯ್ದೆ ಹೀಲಾ ರಿವರ್ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದು ಅಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ನೀರು ಎಂದು ನಿಗದಿ ಮಾಡಿತು. ನಮ್ಮ ಭಾಷೆಗೆ ತಿರುಗಿಸಿಕೊಳ್ಳೋಣ: ಒಂದು ಟಿಎಂಸಿ ಎಂದರೆ ಸುಮಾರು 22,957 ಎಕರೆ-ಅಡಿ, ಹಾಗಾಗಿ ಇದು 28.5 ಟಿಎಂಸಿ. ಕೆಆರ್‌ಎಸ್ ಭರ್ತಿಯಾದರೆ 49.45. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಬಾಯಾರಿಕೆಗೆಂದು ಕೊಟ್ಟ ಹೆಚ್ಚುವರಿ ಪಾಲು 4.75 ಟಿಎಂಸಿ.

ಇಷ್ಟು ನೀರಿದ್ದರೆ ಸಾಕಲ್ಲವೇ ಎಂದರೆ, ಕಾಗದದ ಮೇಲಿನ ನೀರು ಹೊಲಕ್ಕೆ ಹರಿಯಲು ಕಾಲುವೆ ಬೇಕು. ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ 3,11,800 ಎಕರೆ-ಅಡಿ, ಕೊಲರಾಡೊ ನದಿಯಿಂದ ಕಾಲುವೆಯಲ್ಲಿ ಬರಬೇಕಾದದ್ದು; ಆ ನದಿಗೇ ಈಗ ಬರ. ಇನ್ನೊಂದು ತೊಡಕು ಜಮೀನಿನದು. 1887ರ ಕಾಯ್ದೆಯ ನೀತಿಯಂತೆ ಸಮುದಾಯದ ಭೂಮಿಯನ್ನು ತಲೆಗಿಷ್ಟು ಎಂದು ತುಂಡು ಮಾಡಿದರು, ವಾರಸುದಾರರು ಹೆಚ್ಚುತ್ತಾ ಹೋದರು. ಈಗ ಒಂದೇ ತುಂಡಿಗೆ ಹತ್ತಾರು ಪಾಲುದಾರರು. ಪೋಡಿಯಾಗದ ಜಂಟಿ ಖಾತೆಯ ಪಾಡು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಗುತ್ತಿಗೆ ಕೊಡಲೂ ಪಾಲುದಾರರ ಒಪ್ಪಿಗೆ ಕೂಡಿಸಬೇಕು. ಭೂಮಿ ಕೇಂದ್ರ ಸರ್ಕಾರದ ನ್ಯಾಸದಲ್ಲಿ (ಟ್ರಸ್ಟ್) ಇರುವುದರಿಂದ ಅಡವಿಟ್ಟು ಬ್ಯಾಂಕ್ ಸಾಲ ತೆಗೆಯುವುದೂ ಸಲೀಸಲ್ಲ.

ಹಾಗಂತ ನೀರಿನ ಹಕ್ಕು ಬರಿದೇ ಅಲ್ಲ. 2023ರಲ್ಲಿ ವರ್ಷಕ್ಕೆ 1,25,000 ಎಕರೆ-ಅಡಿವರೆಗೆ ನೀರನ್ನು ಬಳಸದೆ ಜಲಾಶಯದಲ್ಲೇ ಬಿಡಲು ಸಮುದಾಯ ಒಪ್ಪಿತು. ಬದಲಿಗೆ ಎಕರೆ-ಅಡಿಗೆ 400 ಡಾಲರ್, ಅಂದರೆ ವರ್ಷಕ್ಕೆ 5 ಕೋಟಿ ಡಾಲರ್. 2024ರಲ್ಲಿ ಕಾಲುವೆಯ ಮೇಲೆ ಸೌರ ಫಲಕ ಹೊದಿಸಿದರು, ಗುಜರಾತಿನಲ್ಲಿ 2012ರಲ್ಲೇ ಮಾಡಿದ ಉಪಾಯ. ಕ್ಯಾಸಿನೊ ಬಂದದ್ದು 1988ರ ಕೇಂದ್ರ ಕಾಯ್ದೆಯ ನಂತರ. ಅದರ ವರಮಾನ ಮೊದಲು ಸೇರುವುದು ಬುಡಕಟ್ಟು ಸರ್ಕಾರಕ್ಕೆ; ಆಸ್ಪತ್ರೆ, ಪೊಲೀಸ್, ಶಾಲೆಗೆ ಹೋಗುತ್ತದೆ. ಅದನ್ನು ಮನೆಯ ಆದಾಯದ ಕಲಮಿಗೆ ತುಂಬಬೇಡಿ.

ಪ್ರಶ್ನೆ: ಪಿಮಾ ಜನರಲ್ಲಿ ಸಕ್ಕರೆ ಕಾಯಿಲೆ ಅಷ್ಟೊಂದು ಇರುವುದು ವಂಶವಾಹಿಯಿಂದಲೇ? ಮಲೇಷ್ಯಾದಲ್ಲೂ ಹಾಗೇ ಇದೆಯಂತೆ.
– ಗೃಹಿಣಿ, ಮಲ್ಲೇಶ್ವರ

ಉತ್ತರ: ವಂಶವಾಹಿಯ ಪಾತ್ರ ಇದೆ, ಆದರೆ ಪೂರ್ತಿ ಅಪರಾಧಿ ಅದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹೀಲಾ ರಿವರ್‌ನಲ್ಲಿ 1965ರಿಂದ ದಶಕಗಟ್ಟಲೆ ಅಧ್ಯಯನ ನಡೆಸಿತು. 35 ದಾಟಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಕಂಡಿತು. ನಿಜವಾದ ಉತ್ತರ ಸಿಕ್ಕಿದ್ದು ಗಡಿಯಾಚೆ. ಮೈಕೋಬಾದಲ್ಲಿ 1995ರಲ್ಲಿ ಪರೀಕ್ಷಿಸಿದ, 2006ರಲ್ಲಿ ಪ್ರಕಟವಾದ ಅಂಕಿಗಳ ಪ್ರಕಾರ ಅಮೆರಿಕದ ಪಿಮಾ ಜನರಲ್ಲಿ ಶೇ 38, ಮೆಕ್ಸಿಕೋದ ಪಿಮಾ ಜನರಲ್ಲಿ ಶೇ 6.9, ಅದೇ ಊರಿನ ಪಿಮಾ ಅಲ್ಲದವರಲ್ಲಿ ಶೇ 2.6. ರಕ್ತಸಂಬಂಧ ಒಂದೇ, ವ್ಯತ್ಯಾಸ ಬದುಕಿನದು. ಮೈಕೋಬಾದವರು ಕಡಿದಾದ ಹೊಲದಲ್ಲಿ ಕೈಯಾರೆ ದುಡಿದು ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಕಾಳು, ಆಲೂಗಡ್ಡೆ ತಿನ್ನುವವರು. ಹೀಲಾದವರಿಗೆ ನದಿ ಹೋದ ಮೇಲೆ ಬಂದದ್ದು ಸರ್ಕಾರಿ ಪಡಿತರ: ಬಿಳಿ ಹಿಟ್ಟು, ಹಂದಿ ಕೊಬ್ಬು, ಸಕ್ಕರೆ. ಅದರಲ್ಲಿ ಮಾಡಿದ, ನಮ್ಮ ಪೂರಿಗೆ ಅಣ್ಣನಂತಿರುವ ಕರಿದ ರೊಟ್ಟಿಯೇ ಈಗ ‘ಸಾಂಪ್ರದಾಯಿಕ’ ಅನ್ನಿಸಿಕೊಂಡಿದೆ. ಅವರ ಹಳೆಯ ಆಹಾರ ಟೆಪರಿ ಎಂಬ ಕಾಳು. ನಮ್ಮ ಹುರುಳಿಯಂತೆ ಬರ ತಾಳುತ್ತದೆ, ನಿಧಾನವಾಗಿ ಜೀರ್ಣವಾಗುತ್ತದೆ.

ಮಲೇಷ್ಯಾದಲ್ಲಿ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಶೇ 18.3, 2023ರಲ್ಲಿ ಶೇ 15.6. ಭಾರತೀಯ ಮೂಲದವರಲ್ಲೇ ಎಲ್ಲರಿಗಿಂತ ಹೆಚ್ಚು.

ಪ್ರಶ್ನೆ: ಮಲೇಷ್ಯಾದಲ್ಲಿ ಭೂಮಿಪುತ್ರರಿಗೆ ಮೀಸಲಾತಿ ಇದೆ. ಓರಾಂಗ್ ಅಸ್ಲಿಗೂ ಅದರಲ್ಲಿ ಪಾಲಿದ್ದರೆ ಪಿಮಾ ಜನರಿಗಿಂತ ಅವರೇ ಮೇಲಲ್ಲವೇ?
– ವಕೀಲೆ, ವಿಜಯನಗರ

ಉತ್ತರ: ಸಂವಿಧಾನದ ಕಲಮು ತೆರೆದು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ವಿಶೇಷ ಸ್ಥಾನ ಕೊಡುವ 153ನೇ ವಿಧಿಯಲ್ಲಿ ಮಲಯರು ಮತ್ತು ಸಬಾ, ಸರವಾಕ್ ರಾಜ್ಯಗಳ ಮೂಲನಿವಾಸಿಗಳ ಹೆಸರಿದೆ. ಓರಾಂಗ್ ಅಸ್ಲಿಯ ಹೆಸರಿಲ್ಲ. ಅವರು ಬರುವುದು 8(5)(ಸಿ)ಯಲ್ಲಿ, ‘ಸರ್ಕಾರ ಇವರ ಏಳಿಗೆಗೆ ಕ್ರಮ ಕೈಗೊಂಡರೆ ಅದು ತಾರತಮ್ಯವಾಗದು’ ಎಂಬ ಅರ್ಥದಲ್ಲಿ. ಅದು ಅನುಮತಿ, ಬಾಧ್ಯತೆ ಅಲ್ಲ. 1969ರ ಮೇ 13ರ ಗಲಭೆಯ ಬಳಿಕ 1971ರಲ್ಲಿ ಬಂದ ಹೊಸ ಆರ್ಥಿಕ ನೀತಿ ಭೂಮಿಪುತ್ರರ ಷೇರು ಪಾಲನ್ನು ಶೇ 2.4ರಿಂದ 1990ರೊಳಗೆ ಶೇ 30ಕ್ಕೆ ಒಯ್ಯಲು ಹೊರಟು ಶೇ 19.3ಕ್ಕೆ ಮುಟ್ಟಿತು. ಕಾಡಿನಲ್ಲಿರುವವರಿಗೆ ಷೇರು ಎಲ್ಲಿಂದ? ಅಂಕಿಅಂಶದಲ್ಲಿ ಅವರನ್ನು ಭೂಮಿಪುತ್ರರ ಜೊತೆ ಸೇರಿಸಿಬಿಟ್ಟರೆ ದೊಡ್ಡ ಸರಾಸರಿಯೊಳಗೆ ಕಾಣದೇ ಹೋಗುತ್ತಾರೆ.

ಭೂಮಿಯ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. 1954ರ ಮೂಲನಿವಾಸಿ ಕಾಯ್ದೆಯ 8ನೇ ಕಲಮಿನ ಪ್ರಕಾರ ಅವರಿಗೆ ಕೊಡುವ ವಾಸದ ಹಕ್ಕು ಸರ್ಕಾರದ ಇಚ್ಛೆ ಇರುವವರೆಗಿನ ಗೇಣಿ. 11ನೇ ಕಲಮು ಹಣ್ಣಿನ ಮರಗಳಿಗೆ ಪರಿಹಾರ ಹೇಳುತ್ತದೆ. ನೆಲಕ್ಕೆ ಪರಿಹಾರ 12ನೇ ಕಲಮಿನಲ್ಲಿ ‘ಕೊಡಬಹುದು’ ಎಂದಷ್ಟೇ ಇದೆ. ಊರ ಮುಖಂಡನಿಗೂ ಮಂತ್ರಿಯ ಅನುಮೋದನೆ ಬೇಕು. ಹೀಲಾ ರಿವರ್‌ಗೆ ತನ್ನದೇ ಚುನಾಯಿತ ಮಂಡಳಿ, ನ್ಯಾಯಾಲಯ, ಪೊಲೀಸ್ ಇರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಓರಾಂಗ್ ಅಸ್ಲಿಗೆ ಸ್ವಲ್ಪ ನೆಲೆ ಒದಗಿಸಿದ್ದು ಶಾಸನವಲ್ಲ, ನ್ಯಾಯಾಲಯ. ಸಿಂಗಪುರಕ್ಕೆ ನೀರು ಕೊಡುವ ಲಿಂಗ್ಯು ಅಣೆಕಟ್ಟಿಗಾಗಿ ಕಾಡು ಕಳೆದುಕೊಂಡ ಜೊಹೊರ್‌ನ ಜಾಕುನ್ ಜನರಿಗೆ 1997ರ ಅಡೋಂಗ್ ಪ್ರಕರಣದಲ್ಲಿ 2.65 ಕೋಟಿ ರಿಂಗಿಟ್ ಪರಿಹಾರ ಬಂತು. ವಿಮಾನ ನಿಲ್ದಾಣದ ಹೆದ್ದಾರಿಗೆ ಜಮೀನು ಹೋದ ತೆಮುವಾನ್ ಜನರ ಸಗೋಂಗ್ ತಾಸಿ ಪ್ರಕರಣದಲ್ಲಿ ಹೈಕೋರ್ಟ್ 2002ರಲ್ಲಿ, ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಪಾರಂಪರಿಕ ಭೂಮಿಯಲ್ಲಿ ಒಡೆತನದ ಹಕ್ಕೇ ಇದೆ ಎಂದವು. 2010ರಲ್ಲಿ ರಾಜಿಯಾಗಿ ಮುಗಿಯಿತು. ಆದರೆ ಪ್ರತಿ ಹಳ್ಳಿಯೂ ತಾನೇ ಕೋರ್ಟಿನ ಮೆಟ್ಟಿಲು ಹತ್ತಿ, ಗೋರಿ, ಹಣ್ಣಿನ ತೋಪು, ತಲೆಮಾರುಗಳ ಸಾಕ್ಷಿ ಒದಗಿಸಬೇಕು. ನಮ್ಮಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯೇ ಅರ್ಜಿ ಪರಿಶೀಲಿಸುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಹಕ್ಕು ಪಡೆದದ್ದು ಆ ದಾರಿಯಿಂದ. ಭೂಮಿಯ ಅಧ್ಯಾಯಕ್ಕೆ ಸೋಲಿಗರನ್ನು ಮೂರನೇ ಉದಾಹರಣೆಯಾಗಿ ಇಟ್ಟುಕೊಂಡರೆ ಪ್ರಬಂಧಕ್ಕೆ ತೂಕ ಬರುತ್ತದೆ.

ಪ್ರಶ್ನೆ: ಕಮರ್ಷಿಯಲ್ ಸ್ಟ್ರೀಟಿನಲ್ಲಿ ‘ಪಿಮಾ ಕಾಟನ್’ ಅಂಗಿ ದುಬಾರಿ ಬೆಲೆಗೆ ಮಾರುತ್ತಾರೆ. ಆ ಹಣ ಈ ಜನರಿಗೆ ಹೋಗುತ್ತದೆಯೇ?
– ಓದುಗರು, ಶಿವಾಜಿನಗರ

ಉತ್ತರ: ಹೆಸರಿಗೆ ಸಂಭಾವನೆ ಇಲ್ಲ. 20ನೇ ಶತಮಾನದ ಆರಂಭದಲ್ಲಿ ಸಕಟೋನ್‌ನ ಸರ್ಕಾರಿ ಪ್ರಯೋಗ ಕ್ಷೇತ್ರದಲ್ಲಿ ಈ ಉದ್ದ ಎಳೆಯ ಹತ್ತಿ ಬೆಳೆಯಲು ಪಿಮಾ ಜನ ದುಡಿದರು, ಅದರ ನೆನಪಿಗೆ ಹೆಸರಿಟ್ಟರು. ಇಂದು ಅಮೆರಿಕದ ಪಿಮಾ ಹತ್ತಿಯ ಬಹುಪಾಲು ಕ್ಯಾಲಿಫೋರ್ನಿಯಾದ್ದು, ಪೆರುವಿನಲ್ಲೂ ಬೆಳೆಯುತ್ತಾರೆ. ‘ಸುಪಿಮಾ’ ಎಂದಿದ್ದರೆ ಅದು ಅಮೆರಿಕದ ಬೆಳೆಗಾರರ ಸಂಘದ ಮುದ್ರೆ. ಬರೀ ‘ಪಿಮಾ’ ಎಂದಿದ್ದರೆ ಶೇಕಡ ಎಷ್ಟು ಎಂದು ಒಳಪಟ್ಟಿಯಲ್ಲಿ ನೋಡಿ, ಬೆರಕೆ ಇರುವುದುಂಟು. ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32 ಹತ್ತಿಯ ಒಂದು ಕಡೆಯ ಪೋಷಕ ತಳಿಯೂ ಇದೇ ಜಾತಿಯದು.