ಸಿಂಹಕ್ಕಲ್ಲ, ಜಲ್ಲಿ ರಸ್ತೆಗೆ ಹೆದರಿ

ಪ್ರಶ್ನೆ: ನಾವು ಮೈಸೂರಿನವರು. ನಾಗರಹೊಳೆ, ಬಂಡೀಪುರಕ್ಕೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಅಲ್ಲಿ ಸಫಾರಿ ಅಂದರೆ ಅವರ ಜೀಪೋ ಬಸ್ಸೋ ಹತ್ತಬೇಕು. ನಮೀಬಿಯಾದ ಎಟೋಶಾ ನ್ಯಾಷನಲ್ ಪಾರ್ಕಿನಲ್ಲಿ ಬಾಡಿಗೆ ಗಾಡಿ ತೆಗೆದುಕೊಂಡು ನಾವೇ ಓಡಿಸಬಹುದು, ರಾತ್ರಿ ಅದರ ಮೇಲೆ ಕಟ್ಟಿದ ಟೆಂಟಿನಲ್ಲೇ ಮಲಗಬಹುದು ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ಸಿಂಹ ಇರುವ ಕಾಡಲ್ಲಿ ಬಟ್ಟೆ ಗೂಡಿನೊಳಗೆ ಮಲಗುವುದು ಹುಚ್ಚಾಟ ಅಲ್ವಾ? 12 ವರ್ಷದ ಮಗಳೂ ಜೊತೆಗಿರುತ್ತಾಳೆ.

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಕಂಡಕಂಡಲ್ಲಿ ಗಾಡಿ ನಿಲ್ಲಿಸಿ ಮಲಗುವ ಹಾಗಿಲ್ಲ. ಒಕಾಕೂಯೋ, ಹಲಾಲಿ, ನಮುಟೋನಿ ಅಂತ ಪಾರ್ಕಿನೊಳಗೆ ಬೇಲಿ ಹಾಕಿದ ಕ್ಯಾಂಪುಗಳಿವೆ. ಸೂರ್ಯ ಮುಳುಗುವುದರೊಳಗೆ ಅಲ್ಲಿರಬೇಕು, ಆಮೇಲೆ ಗೇಟು ಹಾಕಿದರೆ ಬೆಳಗಾಗುವವರೆಗೆ ತೆಗೆಯುವುದಿಲ್ಲ. ಪ್ರಾಣಿಗಳು ಆಚೆ ಓಡಾಡಿಕೊಂಡಿರುತ್ತವೆ, ಬೋನಿನಲ್ಲಿರುವವರು ನಾವು. ಒಳಗೆ ನಲ್ಲಿ, ಬಚ್ಚಲು, ಕರೆಂಟು ಎಲ್ಲ ಇದೆ. ಪ್ಲಗ್ಗು ಕೂಡ ನಮ್ಮ ಗೀಸರಿನ ದಪ್ಪ ಮೂರು ಕಡ್ಡಿಯದೇ!

ಸಿಂಹದ ಗರ್ಜನೆ ರಾತ್ರಿಯೆಲ್ಲ ಕೇಳಿಸಬಹುದು. ಮೊದಲ ದಿನ ನಿದ್ದೆ ಬರುವುದಿಲ್ಲ, ಎರಡನೇ ದಿನ ಬರುತ್ತದೆ. ಆದರೆ ನಿಜವಾಗಿ ಕಾಟ ಕೊಡುವುದು ನರಿಗಳು. ಅವುಗಳಿಗೆ ಬೇಲಿಯ ಲೆಕ್ಕವೇ ಇಲ್ಲ. ಹೊರಗೆ ಬಿಟ್ಟ ಚಪ್ಪಲಿ ಬೆಳಗ್ಗೆ ಇರುವುದಿಲ್ಲ. ತರಕರಡಿ, ಅಂದರೆ ಹನಿ ಬ್ಯಾಜರ್ ಅನ್ನುವ ಪುಟ್ಟ ಪ್ರಾಣಿಯಂತೂ ಕಸದ ಡಬ್ಬ ಉರುಳಿಸಿ ಗದ್ದಲ ಎಬ್ಬಿಸುತ್ತದೆ. ನಮ್ಮ ಎರಡು ಪೌಂಡ್ ಬ್ರೆಡ್ಡು ಹೋಗಿದ್ದು ಹಾಗೇ, ಮೇಜಿನ ಮೇಲೆ ಒಂದು ನಿಮಿಷ ಬಿಟ್ಟಿದ್ದೆವು ಅಷ್ಟೆ. ತಿನ್ನುವ ಸಾಮಾನೆಲ್ಲ ಗಾಡಿಯೊಳಗಿಟ್ಟು ಬೀಗ ಹಾಕಿ.

ಒಕಾಕೂಯೋದಲ್ಲಿ ರಾತ್ರಿ ಬೇಗ ಮಲಗಿಬಿಡಬೇಡಿ. ಕ್ಯಾಂಪಿನ ಅಂಚಿನಲ್ಲೇ ನೀರಿನ ಹೊಂಡ ಇದೆ, ರಾತ್ರಿಯೆಲ್ಲ ದೀಪ ಹಾಕಿರುತ್ತಾರೆ. ಗಿಡ್ಡ ಗೋಡೆಯ ಈಚೆ ಬೆಂಚಿನ ಮೇಲೆ ಶಾಲು ಹೊದ್ದು ಕೂತರೆ ಸಾಕು. ನಾವು ಕೂತಿದ್ದಾಗ ಹನ್ನೊಂದು ಗಂಟೆ ಸುಮಾರಿಗೆ ಎರಡು ಕಪ್ಪು ಘೇಂಡಾಮೃಗ ಕತ್ತಲಿನಿಂದ ಒಂದರ ಹಿಂದೊಂದು ಬಂದವು. ನೀರು ಹೀರುವ ಸದ್ದು ನಮಗೆ ಕೇಳುತ್ತಿತ್ತು. ಆಮೇಲೆ ಆನೆ ಹಿಂಡು ಬಂತು, ಘೇಂಡಾಮೃಗಗಳು ಪಕ್ಕಕ್ಕೆ ಸರಿದು ನಿಂತವು, ಯಾರಿಗೆ ಯಾರು ದಾರಿ ಬಿಡಬೇಕು ಅನ್ನೋದು ಅವಕ್ಕೇ ಗೊತ್ತಿತ್ತು. ಕೂತವರು ಯಾರೂ ಮಾತಾಡುತ್ತಿರಲಿಲ್ಲ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಜೀಪಿನಲ್ಲಿ ಅಲೆದು ನಾನು ಏನನ್ನೂ ನೋಡಿಲ್ಲ.

ಹಗಲು ಗಾಡಿಯಿಂದ ಇಳಿಯಬೇಡಿ, ಫೋಟೋಗೂ ಬೇಡ. ಬೇಲಿ ಹಾಕಿದ ಶೌಚಾಲಯದ ಜಾಗಗಳಿವೆ, ಅಲ್ಲಿ ಮಾತ್ರ ಇಳಿಯಬಹುದು. ಮಗಳಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿಡಿ.

ಪ್ರಶ್ನೆ: ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದಾ? ಫೋರ್ ವೀಲ್ ಡ್ರೈವ್ ಬೇಕೇಬೇಕಾ?

ಉತ್ತರ: ಆರ್‌ಟಿಓ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ನಮ್ಮ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಅಲ್ಲೂ ರಸ್ತೆಯ ಎಡಗಡೆಗೇ ಓಡಿಸುವುದು, ಹಾಗಾಗಿ ತಲೆ ತಿರುಗುವುದಿಲ್ಲ. ರಾಜಧಾನಿ ವಿಂಡ್‌ಹೋಕ್‌ನಿಂದ ಒಕಾಕೂಯೋಗೆ ಸುಮಾರು 435 ಕಿಲೋಮೀಟರ್, ಪಾರ್ಕಿನ ಗೇಟಿನವರೆಗೂ ಒಳ್ಳೆ ಟಾರು ರಸ್ತೆ. ಬರೀ ಎಟೋಶಾ ಆದರೆ ಮಾಮೂಲಿ ಕಾರೂ ಸಾಕು, ಆದರೆ ಎತ್ತರದ ಗಾಡಿಯಲ್ಲಿ ಕೂತರೆ ಹುಲ್ಲಿನ ಮೇಲಿಂದ ಕಾಣಿಸುತ್ತದೆ, ಅದೊಂದು ಲಾಭ.

ಪಾರ್ಕಿನೊಳಗೆ ಮಾತ್ರ ಬಹುತೇಕ ಜಲ್ಲಿ ರಸ್ತೆ. ನೀವು ಹೆದರಬೇಕಾದ್ದು ಇದಕ್ಕೆ. ಜಲ್ಲಿಯ ಮೇಲೆ ಜೋರಾಗಿ ಹೋದರೆ ಚಕ್ರ ಗೋಲಿಗಳ ಮೇಲೆ ನಿಂತ ಹಾಗಿರುತ್ತದೆ, ತಿರುವಿನಲ್ಲಿ ಗಾಬರಿಯಾಗಿ ಬ್ರೇಕ್ ಒತ್ತಿದರೆ ಗಾಡಿ ಪಕ್ಕಕ್ಕೆ ಜಾರಿ ಮಗುಚುತ್ತದೆ. ಎದುರಿಗೆ ಯಾರೂ ಬರದೇ ಒಂಟಿ ಗಾಡಿ ಪಲ್ಟಿ ಹೊಡೆಯುವುದು ಆ ದೇಶದಲ್ಲಿ ಹೊಸದೇನಲ್ಲ. ಪಾರ್ಕಿನಲ್ಲಿ ಮಿತಿ ಗಂಟೆಗೆ 60, ನಾನು 40 ದಾಟುವುದಿಲ್ಲ. ಹೊರಗಿನ ಜಲ್ಲಿ ರಸ್ತೆಯಲ್ಲಿ 80 ಮೀರಬೇಡಿ. ಕತ್ತಲಾದ ಮೇಲೆ ಎಲ್ಲೂ ಓಡಿಸಬೇಡಿ, ಕುಡು ಅನ್ನುವ ಕುದುರೆ ಗಾತ್ರದ ಜಿಂಕೆ ಒಮ್ಮೆಗೇ ರಸ್ತೆಗೆ ಹಾರುತ್ತದೆ.

ಗಾಡಿ ಕೊಡುವಾಗ ಸ್ಟೆಪ್ನಿ, ಜಾಕ್, ಪಂಪು ಎಲ್ಲ ಹೊರಗೆ ತೆಗೆಸಿ ನೋಡಿ. ನಮಗೆ ಕೊಟ್ಟ ಗಾಡಿಯಲ್ಲಿ ಜಾಕ್ ಇತ್ತು, ಅದರ ಹಿಡಿ ಇರಲಿಲ್ಲ. ಅದು ಗೊತ್ತಾಗಿದ್ದು ಪಂಕ್ಚರ್ ಆದಾಗ. ಇನ್ನೊಂದು ಗಾಡಿ ಬಂದು ಪಕ್ಕದಲ್ಲಿ ನಿಲ್ಲುವವರೆಗೂ ನಾವು ಬಾಗಿಲು ತೆಗೆಯಲಿಲ್ಲ, ಮುಕ್ಕಾಲು ಗಂಟೆ ಕಾದಿದ್ದೇವೆ.

ದಾರಿಯಲ್ಲಿ ಆನೆ ನಿಂತಿದ್ದರೆ ಹಾರ್ನ್ ಹೊಡೆಯಬೇಡಿ, ಹಿಂದೆ ಸರಿದು ಕಾಯಿರಿ. ಅಲ್ಲಿನ ಆನೆ ಸುಣ್ಣದ ಧೂಳು ಮೆತ್ತಿಕೊಂಡು ಬೆಳ್ಳಗೆ ಕಾಣುತ್ತದೆ, ದೂರದಿಂದ ಬಂಡೆ ಅನ್ನಿಸಿ ಮೋಸ ಹೋಗುವವರಿದ್ದಾರೆ!

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೇನು ಗತಿ?

ಉತ್ತರ: ನೀವೇ ಅಡಿಗೆ ಮಾಡಿಕೊಳ್ಳಿ, ಕ್ಯಾಂಪಿಂಗ್‌ನ ಸುಖವೇ ಅದು. ಟೆಂಟಿನ ಗಾಡಿ ಜೊತೆ ಸಾಮಾನ್ಯವಾಗಿ ಗ್ಯಾಸ್ ಒಲೆ, ಪಾತ್ರೆ, ಪುಟ್ಟ ಫ್ರಿಜ್ಜು ಬರುತ್ತದೆ. ಅಕ್ಕಿ, ಬೇಳೆ, ತರಕಾರಿ, ಮೊಸರು ವಿಂಡ್‌ಹೋಕ್‌ನ ಅಂಗಡಿಗಳಲ್ಲೇ ಕೊಳ್ಳಿ. ಪಾರ್ಕಿನೊಳಗಿನ ಅಂಗಡಿಯಲ್ಲಿ ಒಂದು ದಿನ ಇದ್ದದ್ದು ಇನ್ನೊಂದು ದಿನ ಇರಲ್ಲ. ಮನೆಯಿಂದ ಸಾರಿನ ಪುಡಿ ಇದ್ದರೆ ಅರ್ಧ ಚಿಂತೆ ಕಳೆಯಿತು. ಜೊತೆಗೆ ಯಾರಾದರೂ ಮಾಂಸ ತಿನ್ನುವವರಿದ್ದರೆ ಹಸಿ ಮಾಂಸ ಅಲ್ಲೇ ಮುಗಿಸಲಿ. ಜಾನುವಾರು ರೋಗ ಹರಡದಿರಲಿ ಅಂತ ಉತ್ತರದ ಮಾಂಸವನ್ನು ದಕ್ಷಿಣಕ್ಕೆ ತರಲು ಬಿಡುವುದಿಲ್ಲ, ತಪಾಸಣೆ ಇರುತ್ತದೆ.

ಪ್ರಶ್ನೆ: ಯಾವಾಗ ಹೋಗಬೇಕು, ಎಷ್ಟು ದಿನ?

ಉತ್ತರ: ದಸರಾ ರಜೆ ಸರಿಯಾದ ಹೊತ್ತು. ಒಣಗಾಲದ ಕೊನೆ, ಕಾಡಿನಲ್ಲಿ ನೀರಿರುವುದಿಲ್ಲ, ಎಲ್ಲವೂ ಹೊಂಡಕ್ಕೇ ಬರಬೇಕು. ಸೆಕೆ ಜಾಸ್ತಿ, ತಡೆದುಕೊಳ್ಳಿ. ಜುಲೈನಲ್ಲೂ ಚೆನ್ನ, ಆದರೆ ರಾತ್ರಿ ನಡುಗಿಸುತ್ತದೆ. ಮಲೇರಿಯಾ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಮೊದಲೇ ಕೇಳಿ. ಕನಿಷ್ಠ ಮೂರು ರಾತ್ರಿ ಇರಲಿ, ಎರಡು ಒಕಾಕೂಯೋದಲ್ಲಿ. 22,000 ಚದರ ಕಿಲೋಮೀಟರಿಗೂ ಹೆಚ್ಚಿನ ಪಾರ್ಕನ್ನು ಪೂರ್ತಿ ಸುತ್ತುತ್ತೇನೆ ಅಂತ ಹೊರಡಬೇಡಿ. ಒಂದು ಹೊಂಡದ ಹತ್ತಿರ ಎಂಜಿನ್ ಆಫ್ ಮಾಡಿ ಎರಡು ಗಂಟೆ ಸುಮ್ನೆ ಕೂತು ನೋಡಿ. ಕಾಡೆಮ್ಮೆ, ನೀರಾನೆ ಹುಡುಕಬೇಡಿ, ಅಲ್ಲಿ ಇಲ್ಲ.

ಪ್ರಶ್ನೆ: ಬೈನಾಕ್ಯುಲರ್ ಒಂದು ಸಾಕಾ?

ಉತ್ತರ: ಸಾಲದು. ತಲೆಗೊಂದು ತನ್ನಿ. ಸಿಂಹ ಕಂಡ ಹೊತ್ತಲ್ಲಿ ಒಂದಕ್ಕಾಗಿ ನಾಲ್ಕು ಜನ ಕಿತ್ತಾಡಿದ್ದು ನಮ್ಮ ಗಾಡಿಯಲ್ಲೇ.