ಬರೆದು ದಾಟಿಹೋದ ಒಂದು ಸಾಲು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. 30 ವರ್ಷಗಳಿಂದ ಅವರು ಚರ್ಚಿನ ಭಾನುವಾರದ ಆರಾಧನೆಯಾದ ಬಲಿಪೂಜೆಯನ್ನು ತಪ್ಪಿಸಿಲ್ಲ. ಈ ಸಲದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಪಶ್ಚಾತ್ತಾಪದ ದಿನಗಳಲ್ಲಿ, ಪ್ರತಿ ರಾತ್ರಿ ದಿನದ ಪಾಪಗಳನ್ನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದರೂ ಮನಸ್ಸು ಹೊಸದಾಗುವ ಬದಲು ಇನ್ನಷ್ಟು ಕುಗ್ಗಿದೆ. ಆತ್ಮಪರಿಶೋಧನೆ ಎಂದರೆ ಇದೇ ಏನು ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾರು ಹೇಳಿಕೊಟ್ಟ ಪರಿಶೋಧನೆಯಲ್ಲಿ ಐದು ಹೆಜ್ಜೆಗಳಿವೆ. ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು ಮೊದಲನೆಯದು, ತನ್ನ ಪಾಪವನ್ನು ಕಾಣುವ ಕೃಪೆಯನ್ನು ಬೇಡುವುದು ಎರಡನೆಯದು. ತಪ್ಪುಗಳ ಲೆಕ್ಕ ಬರುವುದು ಮೂರನೆಯದಾಗಿ. ಕ್ಷಮಾಯಾಚನೆ ಮತ್ತು ತಿದ್ದಿಕೊಳ್ಳುವ ಸಂಕಲ್ಪ ಆಮೇಲಿನವು. ನೀವು ಮೂರನೆಯದರಿಂದ ಆರಂಭಿಸಿ ಅಲ್ಲಿಯೇ ನಿಂತುಬಿಟ್ಟಿದ್ದೀರಿ.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುವುದು ನಿಮಗೆ ಗೊತ್ತೇ ಇದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆಗ ಯಾರೂ ತಲೆಯ ಮೇಲೆ ಕೈ ಹೊತ್ತು ಕೂರುವುದಿಲ್ಲ; ಸುಣ್ಣದ ತಿಳಿಯನ್ನು ಇನ್ನಷ್ಟು ಸುರಿದು, ಕಲಕಿ, ಮತ್ತೆ ಅದ್ದಿ ನೋಡುತ್ತಾರೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಕೆಂಪು ಪ್ರತಿ ರಾತ್ರಿಯೂ ಕಾಣುತ್ತಿದೆ, ಸುಣ್ಣ ಮಾತ್ರ ಬೀಳುತ್ತಿಲ್ಲ.

ಮೂರನೆಯ ಪುಟದಲ್ಲಿ ಒಂದು ಸಾಲು ಬರೆದು ನೀವು ಮುಂದೆ ಹೋಗಿದ್ದೀರಿ: ತಮ್ಮನೊಂದಿಗೆ ಆರು ವರ್ಷದಿಂದ ಮಾತಿಲ್ಲ, ಕೆರೆಯ ನೀರಿನ ಸರದಿಯಲ್ಲಿ ತಪ್ಪು ಅವನದೇ. ಪಾಪಗಳ ಪಟ್ಟಿಯಲ್ಲಿ ಈ ವಿಷಯ ಇದ್ದಂತಿಲ್ಲ. ಬೈಬಲಿನಲ್ಲಿ ಪ್ರವಾದಿ ನಾತಾನನು ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ ಸಿರಿವಂತನ ಕಥೆ ಹೇಳಿದಾಗ ಅರಸ ದಾವೀದನು ಕೆರಳಿ, ಅವನು ಆ ಮರಿಗೆ ನಾಲ್ಕರಷ್ಟು ಹಿಂದಿರುಗಿಸಬೇಕು ಎಂದು ತೀರ್ಪು ಕೊಟ್ಟನು. ಊರೀಯನ ಹೆಂಡತಿಯನ್ನು ಕಸಿದುಕೊಂಡಿದ್ದ ತನ್ನದೇ ಕಥೆ ಅದೆಂದು, ‘ಆ ಮನುಷ್ಯ ನೀನೇ’ ಎಂದು ನಾತಾನನು ಹೇಳುವವರೆಗೂ ಅವನಿಗೆ ಹೊಳೆಯಲಿಲ್ಲ. ಲೂಕನ ಶುಭಸಂದೇಶದಲ್ಲಿ ಅದೇ ನಾಲ್ಕರಷ್ಟು ಮತ್ತೆ ಬರುತ್ತದೆ, ಆದರೆ ಸುಂಕದ ಅಧಿಕಾರಿ ಜಕ್ಕಾಯನು ಅದನ್ನು ತನಗೆ ತಾನೇ ವಿಧಿಸಿಕೊಳ್ಳುತ್ತಾನೆ. ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಎದೆ ನಡುಗುತ್ತದೆ; ಇತರರ ತಪ್ಪಿನ ಮುಂದೆ ನಾನೂ ಬಹಳ ಸಲ ದಾವೀದನ ಹಾಗೆಯೇ ನ್ಯಾಯಾಧೀಶನಾಗಿ ಕೂತಿದ್ದೇನೆ.

ನೀರಿನ ನ್ಯಾಯ ಯಾರ ಕಡೆಗಿದೆ ಎಂದು ಇಲ್ಲಿ ಕೂತು ನಾನು ಹೇಳಲಾರೆ. ಪೀಠದ ಮುಂದೆ ಕಾಣಿಕೆ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂದು ಯೇಸು ಹೇಳುವಾಗ, ತಪ್ಪು ಯಾರದೆಂದು ಅವರು ವಿಚಾರಿಸುವುದಿಲ್ಲ; ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂಬುದು ನೆನಪಾದರೆ ಸಾಕು. ಆದ್ದರಿಂದ ಇಂದು ರಾತ್ರಿ ಪಟ್ಟಿಯನ್ನು ಪಕ್ಕಕ್ಕಿಟ್ಟು, ನಿಮ್ಮ ಮೇಲೆ ತಮ್ಮನಿಗಿರುವ ದೂರನ್ನು ಅವನ ಮಾತಿನಲ್ಲಿಯೇ, ನಡುವೆ ನಿಮ್ಮ ಸಮಜಾಯಿಷಿ ಸೇರಿಸದೆ, ಒಂದು ಹಾಳೆಯಲ್ಲಿ ಬರೆಯಿರಿ. ಅದು ಕೈ ಬರದ ಕೆಲಸ. ಎರಡು ಮೂರು ರಾತ್ರಿ ಹಿಡಿದರೂ ಹಿಡಿಯಲಿ. ಇಗರ್ಜಿಗೆ ಹೋಗುವ ದಾರಿಯಲ್ಲೇ ತಮ್ಮನ ಮನೆ ಸಿಗುತ್ತದೆ ಎಂದು ನೀವೇ ಬರೆದಿದ್ದೀರಿ. ಭಾನುವಾರ ಅರ್ಧ ಗಂಟೆ ಮೊದಲು ಹೊರಡಿ.